ಗೋಡೆಯಿಲ್ಲದ ಕೊಡ

ಮನೆಯಲ್ಲಿ ಮಗುವಿನ ಹಾಲುಹಲ್ಲು ಬಿದ್ದರೆ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಡಿನ ಮೇಲಕ್ಕೆ ಎಸೆಯುವ ವಾಡಿಕೆಯು ನಮ್ಮ ನಾಡಿನ ಅನೇಕ ಕಡೆಗಳಲ್ಲಿ ಉಂಟು. ಹೊಸ ಹಲ್ಲು ಗಟ್ಟಿಯಾಗಿ ಬರಲೆಂಬ ಹಾರೈಕೆಯೊಂದನ್ನು ಬಿಟ್ಟರೆ, ಉದುರಿದ ಹಲ್ಲಿನಿಂದ ಯಾರಿಗೂ ಯಾವ ಪ್ರಯೋಜನವೂ ಇಲ್ಲವೆಂದೇ ನಾವೆಲ್ಲರೂ ಎಣಿಸಿರುವೆವು. ಆದರೆ ಜಪಾನಿನ ಹಿರೋಷಿಮಾ ಪಟ್ಟಣದಲ್ಲಿಯೂ, ರಷ್ಯಾ ದೇಶದ ಉರಾಲ್ ಪರ್ವತಗಳ ದಕ್ಷಿಣಕ್ಕೆ ತೇಚಾ ಎಂಬ ಹೊಳೆಯ ದಡದ ಹಳ್ಳಿಗಳಲ್ಲಿಯೂ, ಚೆರ್ನೋಬಿಲ್ ದುರಂತದ ತರುವಾಯ ಅಲ್ಲಿ ಶುದ್ಧೀಕರಣದ ಕೆಲಸಮಾಡಿದವರಲ್ಲಿಯೂ, ದಂತವೈದ್ಯರು ಬೇರೆ ಕಾರಣಕ್ಕಾಗಿ ಕಿತ್ತ ಹಲ್ಲುಗಳನ್ನು ಎಸೆಯದೆ ಜೋಪಾನವಾಗಿ ಕೂಡಿಸಿ ಭೌತಶಾಸ್ತ್ರಜ್ಞರ ಪರೀಕ್ಷೆಗೆ ಒಪ್ಪಿಸಿರುವರು.

ಇದಕ್ಕೆ ಕಾರಣವಿಷ್ಟೆ. 1945ನೆಯ ಇಸವಿ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಾಂಬು ಬಿದ್ದಾಗ ಅಲ್ಲಿದ್ದವರಾಗಲಿ, 1949ರಿಂದ 1956ರ ವರೆಗೆ ಮಾಯಾಕ್ ಎಂಬ ಕಾರ್ಖಾನೆಯ ವಿಕಿರಣಶೀಲ ಕಲ್ಮಷವನ್ನು ತೇಚಾ ಹೊಳೆಗೆ ಬಿಡುತ್ತಿದ್ದಾಗ ಅದರ ನೀರನ್ನು ಕುಡಿದವರಾಗಲಿ, 1986ರಲ್ಲಿ ಚೆರ್ನೋಬಿಲ್ಲಿಗೆ ಹೋದವರಲ್ಲಿ ಅನೇಕರಾಗಲಿ, ತಮ್ಮ ಮೈಗೆ ಎಷ್ಟು ವಿಕಿರಣ ತಾಗಿತೆಂಬುದನ್ನು ಅಳೆಯುವ ಯಂತ್ರವನ್ನು ಧರಿಸಿರಲಿಲ್ಲ. ಆ ಅಳತೆಯು ತಿಳಿಯದೆ ಮುಂದೆ ಬರಬಹುದಾದ ರೋಗಗಳ ವಿಚಾರವಾಗಿ ವೈದ್ಯರು ಖಚಿತವಾಗಿ ಏನನ್ನೂ ಹೇಳಲಾರರು. ಆದರೆ ಪ್ರತಿಯೊಬ್ಬನ ಬಾಯಲ್ಲಿಯೂ ಒಂದು ಅಳತೆಯ ಯಂತ್ರವು ಹುಟ್ಟಿನಿಂದ ಇದ್ದೇ ಇರುವುದು. ಹಲ್ಲಿನ ಹೊರಗವಚವು ಬಹುಮಟ್ಟಿಗೆ ಕಲ್ಲಿನ ಜಾತಿಯದು. ಚರ್ಮ ರಕ್ತಗಳಂತೆ ಅದು ತನ್ನನ್ನು ತಾನು ಹೊಸದಾಗಿ ಮಾಡಿಕೊಳ್ಳುವುದಿಲ್ಲ. ವಿಕಿರಣವು ಅದನ್ನು ಹೊಕ್ಕಾಗ ಅಲ್ಲಿ ಅಲ್ಪವಾಗಿ ಬೆರೆತಿರುವ ಕಾರ್ಬೊನೇಟಿನ ಅಣುಗಳಿಂದ ಒಂಟಿ ಎಲೆಕ್ಟ್ರಾನುಳ್ಳ ಒಂದು ವಿಕೃತ ಅಣುವು ಉಂಟಾಗುವುದು. ಹೀಗೆ ಉಂಟಾದ ಗುರುತು ಒಬ್ಬನ ಆಯುಷ್ಯದಲ್ಲಿ ಅಳಿಯತಕ್ಕದ್ದಲ್ಲ; ಭೂಗರ್ಭದಲ್ಲಿ ಸಿಕ್ಕಿದ ಪ್ರಾಚೀನ ಮೃಗಗಳ ಹಲ್ಲುಗಳಲ್ಲಿಯೂ ಅದು ಉಳಿದಿರುವುದರಿಂದ ಅದರ ಮೂಲಕವೇ ಆ ಹಲ್ಲುಗಳ ವಯಸ್ಸನ್ನು ನಿರ್ಣಯಿಸುವರು. ಆ ಒಂಟಿ ಎಲೆಕ್ಟ್ರಾನುಗಳನ್ನು ಎಣಿಸಬಲ್ಲೆವಾದರೆ ಹಲ್ಲು ಕಂಡ ವಿಕಿರಣದ ಮೊತ್ತವನ್ನು ಓದಿದಂತಾಗುವುದು.

ತೊಡಕು ಎಲ್ಲಿರುವುದೆಂದರೆ, ರೂಢಿಯಲ್ಲಿರುವ ಪದ್ಧತಿಯಲ್ಲಿ ಹೀಗೆ ಓದಲು ಸುಮಾರು 100 ಮಿಲಿಗ್ರಾಂ ಹೊರಗವಚವು ಬೇಕು. ಅಂದರೆ ಹೆಚ್ಚುಕಡಮೆ ಒಂದು ಹಲ್ಲನ್ನೇ ಬಲಿಗೊಡಬೇಕು. ಗಟ್ಟಿಯಾದ ಹಲ್ಲನ್ನು ಅಳತೆಗಾಗಿ ಕೀಳಿಸಿಕೊಳ್ಳಿರೆಂದು ಯಾರಿಗೆ ಹೇಳುವುದು? 2 ಮಿಲಿಗ್ರಾಮಿನ, ಅಂದರೆ ಒಂದು ರಾಗಿಕಾಳಿನ ತೂಕದಷ್ಟು ಚಕ್ಕೆಯಿಂದ ಅದೇ ಓದುವಿಕೆ ಸಾಧ್ಯವಾದರೆ ಹಲ್ಲು ಬಾಯಲ್ಲಿಯೇ ಉಳಿಯುವುದು. ಇಷ್ಟು ಸಣ್ಣ ವಸ್ತುವಿನಿಂದ ಅಷ್ಟು ಕ್ಷೀಣವಾದ ದನಿಯನ್ನು ಹೊರಡಿಸುವ ಉಪಾಯವನ್ನು ಹುಡುಕುತ್ತ ಹೊರಟವರು ಕೊನೆಗೆ ಒಂದು ವಿಚಿತ್ರವಾದ ಸ್ಥಳಕ್ಕೆ ಬಂದು ಮುಟ್ಟಿರುವರು. ಅಲೆಯನ್ನು ತುಂಬಿಡುವ ಪಾತ್ರೆಯ ಗೋಡೆಯನ್ನೇ ಅವರು ತೆಗೆದುಹಾಕಬೇಕಾಯಿತು. ಈ ಲೇಖನವು ಆ ಪಾತ್ರೆಯ ವಿಚಾರವಾದುದು.

ಮೊದಲು ಎಲೆಕ್ಟ್ರಾನಿನ ಸ್ವಭಾವವನ್ನು ನಾಲ್ಕು ಮಾತುಗಳಲ್ಲಿ ಹೇಳಬೇಕು. ಪ್ರತಿಯೊಂದು ಎಲೆಕ್ಟ್ರಾನೂ ಒಂದು ಅತಿ ಸೂಕ್ಷ್ಮವಾದ ಅಯಸ್ಕಾಂತ. ಸಾಮಾನ್ಯ ಪದಾರ್ಥಗಳಲ್ಲಿ ಅವು ಎರಡೆರಡಾಗಿ ಒಂದಕ್ಕೊಂದು ವಿಮುಖವಾಗಿ ಜೊತೆಗೂಡಿರುವುದರಿಂದ ಒಂದರ ಕಾಂತಶಕ್ತಿಯು ಮತ್ತೊಂದರಿಂದ ಅಡಗಿಹೋಗುವುದು. ಜೊತೆ ತಪ್ಪಿದ ಎಲೆಕ್ಟ್ರಾನು ಮಾತ್ರ ತನ್ನ ಕಾಂತಗುಣವನ್ನು ಹೊರಗೆ ತೋರಬಲ್ಲದು. ಅದನ್ನು ದೊಡ್ಡ ಅಯಸ್ಕಾಂತವೊಂದರ ನಡುವೆ ಇಟ್ಟರೆ ಅದು ಎರಡೇ ಬಗೆಯಾಗಿ ನಿಲ್ಲಬಲ್ಲದು: ಒಂದು ಕಡಮೆ ಶಕ್ತಿಯ ನಿಲುವು, ಮತ್ತೊಂದು ಹೆಚ್ಚು ಶಕ್ತಿಯ ನಿಲುವು. ಇವೆರಡರ ನಡುವಣ ಅಂತರಕ್ಕೆ ಸರಿಯಾಗಿ ಹೊಂದುವ ಕಂಪನಸಂಖ್ಯೆಯ ವಿದ್ಯುತ್ಕಾಂತ ತರಂಗವು ಬಂದು ತಾಗಿದರೆ ಎಲೆಕ್ಟ್ರಾನು ಅದನ್ನು ನುಂಗಿ ಕೆಳಗಿನಿಂದ ಮೇಲಕ್ಕೆ ಹಾರುವುದು. ಬೇರೆ ಕಂಪನಸಂಖ್ಯೆಯಾದರೆ ಕಿವುಡನಂತೆ ಸುಮ್ಮನಿರುವುದು. ಸೋವಿಯೆತ್ ದೇಶದ ಕಜಾನ್ ನಗರದಲ್ಲಿ ಯುದ್ಧಕಾಲದ ಕಷ್ಟಗಳ ನಡುವೆ 1944ರಲ್ಲಿ ಇದನ್ನು ಮೊದಲು ಕಂಡವನು ಯೆವ್ಗೆನಿ ಜವೊಯಿಸ್ಕಿ ಎಂಬ ಭೌತವಿಜ್ಞಾನಿ.

ಈ ವಿದ್ಯಮಾನಕ್ಕೆ ನಮ್ಮ ಭಾಷೆಯಲ್ಲಿ ಅನುರಣನವೆಂದು ಹೆಸರಿಟ್ಟಿರುವರು. ಶಬ್ದವು ಬಹಳ ಹಳೆಯದು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಕಾವ್ಯದಲ್ಲಿ ವಾಚ್ಯಾರ್ಥದ ಹಿಂದೆಯೇ ತಡವಾಗಿ ತೋರುವ ಧ್ವನಿಗೆ, ಗಂಟೆಯ ಹೊಡೆತದ ಬಳಿಕ ಉಳಿಯುವ ನಾದವನ್ನು ಉಪಮಾನವಾಗಿಟ್ಟು, ಇದೇ ಶಬ್ದವನ್ನು ಪ್ರಯೋಗಿಸಿದನು. ಆಲಂಕಾರಿಕರ ಪದವೊಂದು ಎಲೆಕ್ಟ್ರಾನಿಗೆ ಇಷ್ಟು ಚೆನ್ನಾಗಿ ಒಪ್ಪಿದುದನ್ನು ಕಂಡು ನಮಗೆ ಒಳಗೊಳಗೇ ಸಂತೋಷವಾಗುವುದುಂಟು. ಆದರೆ ಪ್ರಕೃತವನ್ನು ಬಿಡಬಾರದು.

ಒಂದು ಟೆಸ್ಲಾ ಬಲದ ಅಯಸ್ಕಾಂತದಲ್ಲಿ ಒಂಟಿ ಎಲೆಕ್ಟ್ರಾನು ಸುಮಾರು 28 ಗಿಗಾಹರ್ಟ್ಸ್ ಕಂಪನಕ್ಕೆ ಓಗೊಡುವುದು. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಕಂಪನ. ಬಹುಕಾಲದಿಂದ ಪ್ರಯೋಗಶಾಲೆಗಳಲ್ಲಿ ರೂಢಿಯಾಗಿರುವುದು 9.5 ಗಿಗಾಹರ್ಟ್ಸ್, ಅದಕ್ಕೆ ತಕ್ಕ ಅಯಸ್ಕಾಂತ 0.34 ಟೆಸ್ಲಾ, ತರಂಗದ ಉದ್ದ ಸುಮಾರು 3 ಸೆಂಟಿಮೀಟರು. ಇಂಥ ತರಂಗವನ್ನು ವಸ್ತುವಿನ ಮೇಲೆ ಸುಮ್ಮನೆ ಬೀಸಿದರೆ ಎಲೆಕ್ಟ್ರಾನುಗಳು ನುಂಗುವ ಪಾಲು ಗೊತ್ತೇ ಆಗದಷ್ಟು ಅಲ್ಪ. ಆದುದರಿಂದ ತರಂಗವನ್ನು ಒಂದು ಲೋಹದ ಪೆಟ್ಟಿಗೆಯಲ್ಲಿ ಕೂಡಿಹಾಕಿ, ಗೋಡೆಯಿಂದ ಗೋಡೆಗೆ ಸಾವಿರಾರು ಸಾರಿ ಪುಟಿಯುವಂತೆ ಮಾಡಿ, ಪ್ರತಿ ಸಾರಿಯೂ ಅದು ವಸ್ತುವಿನ ಮೂಲಕ ಹಾಯುವಂತೆ ಏರ್ಪಡಿಸುವರು. ಆ ಪೆಟ್ಟಿಗೆಗೆ ಅನುರಣಕವೆಂದು ಹೆಸರು.

ಪೆಟ್ಟಿಗೆಯು ತನಗೆ ಒಪ್ಪಿದ ತರಂಗವನ್ನು ಮಾತ್ರ ಹಿಡಿದಿಡಬಲ್ಲದು. ನಲ್ಲಿಯ ಕೆಳಗೆ ಕೊಡವನ್ನಿಟ್ಟು ನೀರು ತುಂಬುವ ಗೃಹಿಣಿಯು ಕೊಡದೊಳಗೆ ನೋಡದೆಯೇ ಅದು ತುಂಬಿತೆಂದು ಹೇಗೆ ತಿಳಿಯುವಳು? ನೀರು ಏರಿದಂತೆಲ್ಲ ಮೇಲೆ ಉಳಿದ ಗಾಳಿಯ ಎಡೆ ಕಿರಿದಾಗುವುದು, ನಾದವು ತಾರಕ್ಕೇರುವುದು. ಎಡೆ ಕಿರಿದಾದಂತೆ ಕಂಪನಸಂಖ್ಯೆ ಹೆಚ್ಚು. ಕಂಪನಸಂಖ್ಯೆ ಹೆಚ್ಚಾಗಬೇಕಾದರೆ ಎಡೆ ಕಿರಿದಾಗಲೇಬೇಕು. ಈ ಒಂದು ನಿಯಮದಿಂದಲೇ ಮುಂದಣ ಕಷ್ಟಗಳೆಲ್ಲವೂ ಹುಟ್ಟಿದುವು.

ಹಾಗಾದರೆ 9.5ರಲ್ಲಿಯೇ ತೃಪ್ತಿಪಡದೆ 35, 95, 250 ಗಿಗಾಹರ್ಟ್ಸ್ ಎಂದು ಮೇಲೆ ಮೇಲೆ ಹೋಗುವ ಹಂಬಲವೇಕೆ ಎಂದು ವಾಚಕರು ಕೇಳಬಹುದು. ಕಾರಣಗಳು ಎರಡು. ತರಂಗವು ಎಲೆಕ್ಟ್ರಾನನ್ನು ಮೇಲಕ್ಕೆ ಹಾರಿಸುವಂತೆಯೇ ಮೇಲಿರುವುದನ್ನು ಕೆಳಕ್ಕೂ ಇಳಿಸುವುದು. ಏರುವವೂ ಇಳಿಯುವವೂ ಸಮವಾದರೆ ನಮಗೆ ಕಾಣುವುದು ಸೊನ್ನೆ. ಕೆಳಗಿನ ನಿಲುವಿನಲ್ಲಿ ಹೆಚ್ಚಾಗಿರುವ ಕೆಲವೇ ಎಲೆಕ್ಟ್ರಾನುಗಳಿಂದ ಮಾತ್ರ ನಮಗೆ ಸಂಕೇತ ದೊರೆಯುವುದು. ಕೋಣೆಯ ಸಾಧಾರಣ ಉಷ್ಣತೆಯಲ್ಲಿ, 9.5 ಗಿಗಾಹರ್ಟ್ಸ್ ಆದರೆ, ಸುಮಾರು 1300 ಎಲೆಕ್ಟ್ರಾನುಗಳಿಗೆ ಒಂದು ಮಾತ್ರ ಹೆಚ್ಚಾಗಿರುವುದು; 95 ಗಿಗಾಹರ್ಟ್ಸ್ ಆದರೆ ಸುಮಾರು 130ಕ್ಕೆ ಒಂದು. ಕೆಲಸಕ್ಕೆ ಬರುವ ಎಲೆಕ್ಟ್ರಾನುಗಳ ಸಂಖ್ಯೆ ಹತ್ತುಪಟ್ಟಾಯಿತು.

ಎರಡನೆಯ ಕಾರಣವು ಹಲ್ಲಿಗೆ ನೇರವಾಗಿ ಸಂಬಂಧಿಸಿದುದು. ಹಲ್ಲಿನಲ್ಲಿ ವಿಕಿರಣದಿಂದ ಉಂಟಾದ ಸಂಕೇತವಲ್ಲದೆ, ಹಲ್ಲಿಗೆ ಸಹಜವಾದ ಮತ್ತೊಂದು ಸಂಕೇತವೂ ಇರುವುದು. 9.5 ಗಿಗಾಹರ್ಟ್ಸಿನಲ್ಲಿ ಇವೆರಡರ ನಡುವಣ ದೂರ ಅರ್ಧ ಮಿಲಿಟೆಸ್ಲಾಕ್ಕೂ ಕಡಮೆ. ಒಂದು ಮತ್ತೊಂದರ ಮೇಲೆ ಕವಿದುಕೊಂಡು, ಸಂತೆಯಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದಂತಾಗುವುದು. 35 ಗಿಗಾಹರ್ಟ್ಸಿಗೆ ಹೋದರೆ ಅದೇ ದೂರ ಸುಮಾರು 1.7 ಮಿಲಿಟೆಸ್ಲಾ, 95ಕ್ಕೆ ಹೋದರೆ 4.6 ಮಿಲಿಟೆಸ್ಲಾ ಆಗುವುದು. ಇಬ್ಬರ ಮಾತುಗಳೂ ಬೇರೆಬೇರೆಯಾಗಿ ಕೇಳಿಸುವುವು. ಹಲ್ಲಿಗೆ ಮಾತ್ರವೇ ಅಲ್ಲ, ಎಲೆಯ ಹಸುರಿನಲ್ಲಿ ಬೆಳಕು ಅನ್ನವಾಗುವಾಗ ಕ್ಷಣಕಾಲ ಹುಟ್ಟುವ ಒಂಟಿ ಎಲೆಕ್ಟ್ರಾನುಗಳಿಗೂ ಈ ಮಾತು ಸಲ್ಲುವುದು.

ಈಗ ಕಷ್ಟಗಳನ್ನು ನೋಡೋಣ. 95 ಗಿಗಾಹರ್ಟ್ಸ್ ತರಂಗದ ಉದ್ದ 3.2 ಮಿಲಿಮೀಟರು. ಅದನ್ನು ಹಿಡಿಯುವ ದುಂಡು ಪೆಟ್ಟಿಗೆಯ ಒಳವ್ಯಾಸ ಸುಮಾರು 4 ಮಿಲಿಮೀಟರು, ಒಂದು ಹೆಸರುಕಾಳಿನ ಗಾತ್ರ. ಇದಕ್ಕೆ ವಸ್ತುವನ್ನು ಇಡಲು ಒಂದು ರಂಧ್ರ, ತರಂಗ ಹೊಗಲು ಮತ್ತೊಂದು, ಶ್ರುತಿಮಾಡಲು ಒಂದು ತಿರುಪು. ಇವೆಲ್ಲವನ್ನೂ ಕೊರೆಯುವ ಅಕ್ಕಸಾಲೆಯ ಕಣ್ಣೂ ಕೈಯೂ ಎಷ್ಟು ನಯವಾಗಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಕಷ್ಟವು ಲೋಹದ್ದೇ. ತರಂಗವು ತಾಮ್ರದ ಗೋಡೆಗೆ ತಾಗಿ ಹಿಂದಿರುಗುವಾಗ ಅದರ ಮೇಲ್ಮೈಯಲ್ಲಿ ಅಲ್ಪವಾದ ವಿದ್ಯುತ್ಪ್ರವಾಹವನ್ನು ಹರಿಸಿ ತನ್ನ ಶಕ್ತಿಯ ಒಂದು ಅಂಶವನ್ನು ಕಳೆದುಕೊಳ್ಳುವುದು. ಕಂಪನಸಂಖ್ಯೆ ಏರಿದಂತೆ ಆ ಪ್ರವಾಹವು ಮೇಲ್ಪದರಕ್ಕೇ ಒತ್ತರಿಸಲ್ಪಡುವುದು. 95 ಗಿಗಾಹರ್ಟ್ಸಿನಲ್ಲಿ ಆ ಪದರದ ದಪ್ಪ ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲು ಮಾತ್ರ. ಇಷ್ಟು ತೆಳ್ಳಗಿನ ದಾರಿಯಲ್ಲಿ ನುಗ್ಗುವ ಪ್ರವಾಹಕ್ಕೆ ತಡೆ ಹೆಚ್ಚು. ಕೊಡವು ಕಿರಿದಾದಂತೆಲ್ಲ ಅದು ಹೆಚ್ಚು ಹೆಚ್ಚು ಸೋರತೊಡಗಿತೆಂದು ಹೇಳಬಹುದು.

ಪರೀಕ್ಷಿಸಬೇಕಾದ ವಸ್ತುವಿನಲ್ಲಿ ನೀರಿದ್ದರಂತೂ ಕೇಳುವುದೇ ಬೇಡ. ಅಡಿಗೆಮನೆಯಲ್ಲಿ ಈಗ ಕೆಲವರು ಇಟ್ಟುಕೊಂಡಿರುವ ಮೈಕ್ರೋವೇವ್ ಒಲೆಯು 2.45 ಗಿಗಾಹರ್ಟ್ಸ್ ತರಂಗದಿಂದ ಅನ್ನವನ್ನು ಬಿಸಿಮಾಡುವುದು ನೀರು ಆ ತರಂಗವನ್ನು ಕುಡಿಯುವುದರಿಂದಲೇ. ಮಿಲಿಮೀಟರು ತರಂಗಗಳನ್ನು ನೀರು ಇನ್ನೂ ಆತುರವಾಗಿ ಕುಡಿಯುವುದು. ಜೀವದ ವ್ಯಾಪಾರವೆಲ್ಲ ನಡೆಯುವುದು ನೀರಿನಲ್ಲಿ. ಪ್ರೋಟೀನುಗಳು ನೀರಿನಲ್ಲಿ ಬಾಗುವ, ತೆರೆಯುವ, ಮುಚ್ಚುವ ಬಗೆಯನ್ನು ನೋಡಲು ವಿಜ್ಞಾನಿಗಳು ಅವುಗಳಿಗೆ ಒಂಟಿ ಎಲೆಕ್ಟ್ರಾನುಳ್ಳ ಸಣ್ಣ ಅಣುವೊಂದನ್ನು ಗುರುತಿನಂತೆ ಅಂಟಿಸುವರು. ಆದರೆ ನೀರಿನ ದ್ರಾವಣವನ್ನು 95 ಗಿಗಾಹರ್ಟ್ಸ್ ಪೆಟ್ಟಿಗೆಯಲ್ಲಿ ಇಡಬೇಕಾದರೆ ಕೂದಲೆಳೆಗಿಂತ ಸ್ವಲ್ಪವೇ ಹೆಚ್ಚಾದ ಒಳವ್ಯಾಸದ ಗಾಜಿನ ನಳಿಗೆಯಲ್ಲಿ, ಮೈಕ್ರೋಲೀಟರಿನ ಒಂದು ಸಣ್ಣ ಅಂಶವನ್ನು ಮಾತ್ರ ಇಡಬಹುದು. ಮೀರಿದರೆ ಅನುರಣನವೇ ಅಡಗುವುದು. ದ್ರಾವಣವನ್ನು ಹೆಪ್ಪುಗಟ್ಟಿಸಿದರೆ ಈ ಉಪದ್ರವ ತಪ್ಪುವುದು ನಿಜ, ಆದರೆ ಹೆಪ್ಪುಗಟ್ಟಿದ ಪ್ರೋಟೀನು ಚಲಿಸುವುದಿಲ್ಲವಷ್ಟೆ.

ಪೆಟ್ಟಿಗೆಯ ಸಹವಾಸವೇ ಬೇಡವೆಂದು ಅದನ್ನು ಪೂರ್ತಿಯಾಗಿ ಬಿಟ್ಟು, ಬೆಳಕಿನಂತೆ ಕನ್ನಡಿ ಮಸೂರಗಳಿಂದಲೇ ತರಂಗವನ್ನು ನಡೆಸಿದವರೂ ಉಂಟು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಜ್ಯಾಕ್ ಫ್ರೀಡ್ ಮತ್ತು ಸಂಗಡಿಗರು 1988ರಲ್ಲಿಯೇ 250 ಗಿಗಾಹರ್ಟ್ಸಿನಲ್ಲಿ ಹೀಗೆ ಮಾಡಿ ತೋರಿಸಿದರು. ಆದರೆ ಸಣ್ಣ ವಸ್ತುವಿನ ಮೇಲೆ ತರಂಗವನ್ನು ಒಟ್ಟೈಸಿ ನಿಲ್ಲಿಸಲು ಯಾವುದಾದರೊಂದು ಪಾತ್ರೆ ಬೇಕೇಬೇಕು. ಲೋಹವಲ್ಲದ ಪಾತ್ರೆ ಉಂಟೆ?

ಗಾಜಿನ ಲೋಟದಲ್ಲಿ ನೀರು ತುಂಬಿ ಕಣ್ಣಿಗಿಂತ ಮೇಲಕ್ಕೆ ಎತ್ತಿ ಹಿಡಿದು, ಕೆಳಗಿನಿಂದ ಓರೆಯಾಗಿ ನೀರಿನ ಮೇಲ್ಮೈಯನ್ನು ನೋಡಿರಿ. ಅದು ಬೆಳ್ಳಿಯ ತಗಡಿನಂತೆ ಹೊಳೆಯುವುದು. ಅಲ್ಲಿ ಬೆಳ್ಳಿಯೂ ಇಲ್ಲ, ಕನ್ನಡಿಯೂ ಇಲ್ಲ. ಮೇಲೆ ಬರಿಯ ಗಾಳಿ. ಸಾಂದ್ರವಾದ ಪಾರದರ್ಶಕ ವಸ್ತುವಿನಿಂದ ಗಾಳಿಗೆ ಓರೆಯಾಗಿ ಹೊರಡುವ ಬೆಳಕು ಹೊರಕ್ಕೆ ಹೋಗಲಾರದೆ ಒಳಕ್ಕೇ ಹಿಂದಿರುಗುವುದು. ಬೆಳಕಿಗೆ ಗಾಜು ನೀರುಗಳು ಹೇಗೋ ಹಾಗೆ ನಮ್ಮ ವಿದ್ಯುತ್ತರಂಗಗಳಿಗೆ ವಿದ್ಯುತ್ತನ್ನು ಹರಿಯಗೊಡದ ಗಂಧಕ, ಸ್ಫಟಿಕ, ನೀಲ, ಪಿಂಗಾಣಿ ಮುಂತಾದುವು. ಇವಕ್ಕೆ ಪರಾವೈದ್ಯುತ ವಸ್ತುಗಳೆಂದು ಹೆಸರು. ಈ ಸಾದೃಶ್ಯವನ್ನು ಮೊದಲೇ ಕಂಡವರಲ್ಲಿ ನಮ್ಮ ದೇಶದ ಜಗದೀಶಚಂದ್ರ ಬೋಸರು ಒಬ್ಬರು. ಕಲ್ಕತ್ತೆಯಲ್ಲಿ 5 ಮಿಲಿಮೀಟರಿನಷ್ಟು ಕಿರಿದಾದ ತರಂಗಗಳನ್ನು ಉಂಟುಮಾಡಿ, ಆ ವಿದ್ಯುತ್ಕಿರಣಗಳನ್ನು ಗಂಧಕವು ಎಷ್ಟು ಬಗ್ಗಿಸುವುದೆಂಬುದನ್ನು 1895ರಲ್ಲಿಯೇ ಅವರು ಅಳೆದರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ತಮ್ಮ ಉಪಕರಣಗಳನ್ನು ಪ್ರದರ್ಶಿಸಿದರು.

ತರಂಗವು ಒಳಕ್ಕೇ ಹಿಂದಿರುಗುವುದಾದರೆ, ಪರಾವೈದ್ಯುತದ ಒಂದು ತುಂಡೇ ತರಂಗವನ್ನು ತನ್ನೊಳಗೆ ಹಿಡಿದಿಡಬಲ್ಲ ಪಾತ್ರೆಯಾಗಬೇಕಷ್ಟೆ? ಹಾಗೆಂದು ಲೆಕ್ಕಮಾಡಿ ತೋರಿಸಿದವನು ಅಮೆರಿಕದ ರಾಬರ್ಟ್ ರಿಚ್‌ಮಾಯರ್, 1939ರಲ್ಲಿ. ಪರಾವೈದ್ಯುತ ಅನುರಣಕವೆಂಬ ಹೆಸರೂ ಅವನದೇ. ಆ ಲೆಕ್ಕವು ಇಪ್ಪತ್ತಕ್ಕೆ ಮೇಲ್ಪಟ್ಟು ವರ್ಷ ಯಾರ ಕೈಗೂ ಒದಗದೆ ಪುಸ್ತಕದಲ್ಲಿಯೇ ಇತ್ತು. 1960ರ ಸುಮಾರಿಗೆ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಒಕಾಯಾ ಎಂಬವರು, ಬಳಿಕ ಬರಾಷ್ ಎಂಬವರೊಡನೆ ಸೇರಿ, ರೂಟೈಲ್ ಎಂಬ ಟೈಟೇನಿಯಮಿನ ಹರಳನ್ನು ಪರಿಶೀಲಿಸಿ, ಹರಳು ತಾನೇ ಅನುರಣಕವಾಗಿ ವರ್ತಿಸುವುದನ್ನು ಪ್ರಯೋಗದಿಂದ ಸ್ಥಾಪಿಸಿದರು. ರೂಟೈಲಿನ ಪರಾವೈದ್ಯುತಾಂಕ ಸುಮಾರು 100. ಅದರ ವರ್ಗಮೂಲವಾದ 10ರಿಂದ ತರಂಗದ ಉದ್ದವನ್ನು ಭಾಗಿಸಬೇಕು. ಗಾಳಿಯಲ್ಲಿ 3 ಸೆಂಟಿಮೀಟರಿದ್ದ ತರಂಗವು ರೂಟೈಲಿನೊಳಗೆ 3 ಮಿಲಿಮೀಟರಿಗೆ ಮುದುಡಿಕೊಳ್ಳುವುದು. ಮುಷ್ಟಿಗಾತ್ರದ ತಾಮ್ರದ ಪೆಟ್ಟಿಗೆಯ ಕೆಲಸವನ್ನು ಒಂದು ಗುಂಡಿಯಷ್ಟು ಹರಳು ಮಾಡಬಲ್ಲದು. ಮಾಳಿಗೆಯ ಮೇಲೆ ಟೆಲಿವಿಷನ್ನಿಗಾಗಿ ಕಟ್ಟಿದ ತಟ್ಟೆಯನ್ನು ವಾಚಕರು ಕಂಡಿರುವರು. ಅದರ ಮೂತಿಯಲ್ಲಿರುವ ಡಬ್ಬಿಯೊಳಗೆ ಶ್ರುತಿಹಿಡಿಯುತ್ತ ಬಹುಕಾಲ ಇದ್ದುದು ಇಂಥದೇ ಒಂದು ಪಿಂಗಾಣಿಯ ಬಿಲ್ಲೆ.

ಈ ಹರಳನ್ನು ಬಳೆಯ ಆಕಾರದಲ್ಲಿ ಮಾಡಿದಾಗ ಆಗುವ ಉಪಕಾರವು ನಮಗೆ ಎಲ್ಲಕ್ಕಿಂತ ಸೊಗಸಾಗಿ ತೋರುವುದು. ತರಂಗದಲ್ಲಿ ವಿದ್ಯುತ್ತಿನ ಅಂಶ, ಕಾಂತದ ಅಂಶ ಎಂದು ಎರಡುಂಟು. ಎಲೆಕ್ಟ್ರಾನಿಗೆ ಬೇಕಾದುದು ಕಾಂತದ ಅಂಶ. ನೀರು ಕುಡಿಯುವುದು ಮುಖ್ಯವಾಗಿ ವಿದ್ಯುತ್ತಿನ ಅಂಶವನ್ನು. ಇವೆರಡನ್ನೂ ಬೇರ್ಪಡಿಸಬೇಕಾದರೆ ಹಾಲು ನೀರುಗಳನ್ನು ಬೇರ್ಪಡಿಸುವ ಹಂಸವೇ ಬರಬೇಕು. ಬಳೆಯು ಆ ಹಂಸದ ಕೆಲಸವನ್ನು ಮಾಡುವುದು. ವಿದ್ಯುತ್ತಿನ ಅಂಶವು ಬಳೆಯ ಒಡಲಲ್ಲಿಯೇ ಸುತ್ತುತ್ತಿರುವುದು. ಕಾಂತದ ಅಂಶವು ಬಳೆಯ ನಡುವೆ, ಕೈ ತೂರುವ ಎಡೆಯಲ್ಲಿ ನೇರವಾಗಿ ಹಾಯುವುದು. ನಟ್ಟನಡುವಿನಲ್ಲಿ ವಿದ್ಯುತ್ತಿನ ಅಂಶ ಸೊನ್ನೆ, ಕಾಂತದ ಅಂಶ ಪೂರ್ಣ. ಅಲ್ಲಿ ಸಣ್ಣ ನಳಿಗೆಯನ್ನಿಟ್ಟರೆ ನೀರಿಗೆ ಕುಡಿಯಲು ಹೆಚ್ಚೇನೂ ದೊರೆಯುವುದಿಲ್ಲ. ಎಲೆಕ್ಟ್ರಾನಿಗೆ ಬೇಕಾದುದು ದೊರೆಯುವುದು. ತರಂಗವು ಸ್ವಲ್ಪ ಎಡೆಯಲ್ಲಿ ಒಟ್ಟಾಗಿರುವುದರಿಂದ ಅಲ್ಪ ಶಕ್ತಿಯೇ ಸಾಕು. ಕೀವ್ ನಗರದ ಸಂಶೋಧಕರು ಪೊಟ್ಯಾಸಿಯಂ ಟ್ಯಾಂಟಲೇಟ್ ಎಂಬ, ಪರಾವೈದ್ಯುತಾಂಕ 250ಕ್ಕೂ ಮೇಲಾದ ಹರಳಿನಿಂದ ಇಂಥ ತುಂಡುಗಳನ್ನು ಕತ್ತರಿಸಿ, ಹಳೆಯ ಲೋಹದ ಪೆಟ್ಟಿಗೆಯೊಳಗೇ ಇಟ್ಟು, ಸಣ್ಣ ವಸ್ತುಗಳ ಸಂಕೇತವನ್ನು ಅನೇಕ ಪಟ್ಟು ಹೆಚ್ಚಿಸಿದರು. ಹೊಸ ಯಂತ್ರವನ್ನು ಕೊಳ್ಳಲಾರದ ಪ್ರಯೋಗಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿಯಬಾರದು. ಒಂದು ಎಡೆಯಲ್ಲಿ ಗುಣವಾದುದು ಮತ್ತೊಂದು ಎಡೆಯಲ್ಲಿ ದೋಷವಾಗುವುದುಂಟು. 95 ಗಿಗಾಹರ್ಟ್ಸಿನ ತರಂಗವು ರೂಟೈಲಿನೊಳಗೆ ಮಿಲಿಮೀಟರಿನ ಮೂರನೆಯ ಒಂದು ಪಾಲಿಗೆ ಕುಗ್ಗುವುದು. ಅಂಥ ಬಳೆಯನ್ನು ಯಾವ ಕುಶಲಿಯೂ ಸುಲಭವಾಗಿ ಕಡೆಯಲಾರನು, ಕಡೆದರೂ ಅದರೊಳಗೆ ಏನನ್ನಿಡುವುದು? ಆದುದರಿಂದ ಮೇಲಿನ ಕಂಪನಸಂಖ್ಯೆಗಳಿಗೆ ಹೋದವರು ಪರಾವೈದ್ಯುತಾಂಕ ಕಡಮೆಯಾದ ವಸ್ತುಗಳಿಗೆ ಹಿಂದಿರುಗಬೇಕಾಯಿತು: ಅಂಕ ಸುಮಾರು 10 ಇರುವ ನೀಲ, 4ರ ಆಸುಪಾಸಿನ ಸ್ಫಟಿಕ, 2ಕ್ಕಿಂತ ಸ್ವಲ್ಪ ಮಾತ್ರ ಹೆಚ್ಚಾದ ಪಾಲಿಥೀನ್. ಆದರೆ ಅಂಕ ಕಡಮೆಯಾದ ವಸ್ತುವಿನ ಸಣ್ಣ ತುಂಡು ತರಂಗವನ್ನು ಚೆನ್ನಾಗಿ ಹಿಡಿಯಲಾರದು. ಒಳಕ್ಕೆ ಹಿಂದಿರುಗಿಸುವ ಬಲವೇ ಅದಕ್ಕೆ ಸಾಲದು. ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯನ್ನು ತಿಳಿಯಬೇಕಾದರೆ ನಾವು ವಿಜಯಪುರಕ್ಕೆ ಹೋಗಬೇಕು.

1656ರಲ್ಲಿ ಮುಗಿದ ಗೋಳಗುಮ್ಮಟದ ಒಳಗಣ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸುಮಾರು 38 ಮೀಟರು ಆಚೆಗೆ, ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವನಿಗೆ ಅದು ಸ್ಪಷ್ಟವಾಗಿ ಕೇಳುವುದು. ಅದನ್ನು ಕೇಳದ ಕನ್ನಡಿಗರು ವಿರಳ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟದಲ್ಲಿಯೂ ಹೀಗೆಯೇ ಆಗುವುದು. ಧ್ವನಿಯು ಬಾಗಿದ ಗೋಡೆಯನ್ನು ತಬ್ಬಿಕೊಂಡು, ಓರೆಯಾಗಿ ಮತ್ತೆ ಮತ್ತೆ ಅದಕ್ಕೆ ತಾಗುತ್ತ, ಒಳಗಣ ಬಯಲಿಗೆ ಚೆದರಿಹೋಗದೆ ಗೋಡೆಗುಂಟ ಹರಿಯುವುದೆಂದು ರ್‍ಯಾಲೆ ಪ್ರಭುವು ವಿವರಿಸಿದನು. 1921ರಲ್ಲಿ ನಮ್ಮ ಚಂದ್ರಶೇಖರ ವೆಂಕಟ ರಾಮನ್ನರು ಸದರ್ಲೆಂಡ್ ಎಂಬವರೊಡನೆ ಸೇಂಟ್ ಪಾಲಿನಲ್ಲಿ ಸ್ವತಃ ಪರೀಕ್ಷೆ ನಡೆಸಿ, ಗೋಡೆಯಿಂದ ದೂರ ಸರಿದಂತೆ ಧ್ವನಿಯು ಒಂದೇ ಸಮನಾಗಿ ಕುಗ್ಗದೆ ಏರಿಳಿಯುವುದೆಂದು ಪ್ರಕಟಿಸಿದರು.

ಪರಾವೈದ್ಯುತದ ಒಂದು ಬಿಲ್ಲೆಯಲ್ಲಿ ತರಂಗವನ್ನು ಅಂಚಿನ ಗುಂಟ ಹರಿಯಬಿಟ್ಟರೆ ಅದೂ ಗೋಳಗುಮ್ಮಟದ ಪಿಸುಮಾತಿನಂತೆ ಅಂಚನ್ನೇ ಹಿಡಿದು ಸುತ್ತುವುದು. ಅತ್ಯಂತ ಓರೆಯಾಗಿ ತಾಗುವುದರಿಂದ ಪಾಲಿಥೀನಿನಂಥ ದುರ್ಬಲ ವಸ್ತುವೂ ಅದನ್ನು ಹೊರಬಿಡದೆ ಹಿಡಿಯಬಲ್ಲದು. ಮುಖ್ಯವಾದ ಲಾಭವೆಂದರೆ, ಇಲ್ಲಿ ಪಾತ್ರೆಯು ತರಂಗಕ್ಕಿಂತ ಹಲವು ಪಾಲು ದೊಡ್ಡದಾಗಿರಬಹುದು. ಸುತ್ತಳತೆಯಲ್ಲಿ ಪೂರ್ಣಸಂಖ್ಯೆಯ ತರಂಗಗಳು ಹಿಡಿಸಿದರೆ ಸಾಕು. ಕಂಪನಸಂಖ್ಯೆ ಏರಿದರೆ ಕೊಡ ಕಿರಿದಾಗಲೇಬೇಕೆಂಬ ಹಳೆಯ ನಿಯಮವನ್ನು ಹೀಗೆ ಮೀರಿದಂತಾಯಿತು. ಇಟಲಿಯ ಪೀಸಾ ನಗರದ ವಿಜ್ಞಾನಿಗಳು 1990ರ ದಶಕದ ಕೊನೆಯ ವರ್ಷಗಳಲ್ಲಿ ಇಂಥ ಬಿಲ್ಲೆಗಳಿಂದ ನೂರಾರು ಗಿಗಾಹರ್ಟ್ಸಿನಲ್ಲಿ ಎಲೆಕ್ಟ್ರಾನಿನ ಅನುರಣನವನ್ನು ನೋಡಿದರು. ಇದರಲ್ಲಿಯೂ ಊನವಿಲ್ಲದೆ ಇಲ್ಲ. ತರಂಗವು ಇಡೀ ಅಂಚಿನಲ್ಲಿ ಹರಡಿರುವಾಗ, ಒಂದು ಮೂಲೆಯಲ್ಲಿಟ್ಟ ಚಕ್ಕೆಗೆ ಅದರ ಅಲ್ಪಾಂಶ ಮಾತ್ರ ದೊರೆಯುವುದು. ದೊಡ್ಡ ಛತ್ರದಲ್ಲಿ ದೀಪ ಹಚ್ಚಿ ಒಂದು ಪುಟವನ್ನು ಓದಿದಂತೆ. ದೊಡ್ಡ ವಸ್ತುವಿಗೆ ಇದು ಒಪ್ಪುವುದು, ಸಣ್ಣದಕ್ಕೆ ಬಳೆಯೇ ಮೇಲು.

ನೀರಿನ ವಿಷಯದಲ್ಲಿ ಈಚೆಗೆ ನಡೆದ ಒಂದು ಯತ್ನವನ್ನೂ ಹೇಳಬೇಕು. ನವಿಲಿನ ಗರಿಯಲ್ಲಿ ನೀಲಿಯ ಬಣ್ಣವಿಲ್ಲ. ಅದರೊಳಗಿನ ಅತಿ ಸಣ್ಣ ಕಡ್ಡಿಗಳ ಸಾಲುಗಳು ಒಂದು ಗೊತ್ತಾದ ದೂರದಲ್ಲಿ ಜೋಡಿಸಿರುವುದರಿಂದ ನೀಲಿಯ ಬೆಳಕು ಮಾತ್ರ ಮರಳುವುದು. ಹೀಗೆಯೇ ಪರಾವೈದ್ಯುತದ ತೆಳು ತಗಡುಗಳನ್ನು ತರಂಗದ ಕಾಲುಭಾಗದ ಅಂತರಗಳಲ್ಲಿ ಒಂದರ ಮೇಲೊಂದು ಅಡುಕಿದರೆ ಆ ಅಡುಕು ಒಂದು ಕಂಪನಸಂಖ್ಯೆಗೆ ಕನ್ನಡಿಯಾಗುವುದು. 94 ಗಿಗಾಹರ್ಟ್ಸಿಗೆ ಗಾಳಿಯ ಎಡೆ 0.8 ಮಿಲಿಮೀಟರು, ಅಂಕ 10 ಇರುವ ಪಿಂಗಾಣಿಯಾದರೆ ತಗಡಿನ ದಪ್ಪ 0.25 ಮಿಲಿಮೀಟರು, ಇವು ಕೈಗೆಟುಕುವ ಅಳತೆಗಳು. ಇಂಥ ಅಡುಕಿನ ನಡುವೆ ಕ್ರಮವನ್ನು ಒಂದು ಕಡೆ ಬೇಕೆಂದೇ ಮುರಿದರೆ ಅಲ್ಲಿ ತರಂಗವು ಸಿಕ್ಕಿಕೊಂಡು ನಿಲ್ಲುವುದು. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2018ರಲ್ಲಿ ಈ ಬಗೆಯ ಅನುರಣಕವನ್ನು ಪ್ರಕಟಿಸಿ, ವಿದ್ಯುತ್ತಿನ ಅಂಶ ಸೊನ್ನೆಯಾಗುವ ಸಮತಲದಲ್ಲಿ ನೀರಿನ ತೆಳುವಾದ ಪದರವನ್ನು ಹರಡಿ, ಹೆಪ್ಪುಗಟ್ಟಿಸದೆಯೇ ಮೈಕ್ರೋಲೀಟರಿನ ಗಾತ್ರದ ದ್ರಾವಣಗಳನ್ನು ಪರೀಕ್ಷಿಸಿದರು. ನಳಿಗೆಯೊಳಗಣ ಅಂಶಕ್ಕೆ ಹೋಲಿಸಿದರೆ ಇದು ಹಲವು ಪಟ್ಟು ಹೆಚ್ಚು.

ಪರಾವೈದ್ಯುತಗಳ ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಬಿಸಿಲು ನೆರಳುಗಳಿಗೆ ತಂಬೂರಿಯ ಶ್ರುತಿ ಇಳಿಯುವಂತೆ ರೂಟೈಲಿನ ಶ್ರುತಿಯು ಉಷ್ಣತೆಯೊಡನೆ ಬಹಳವಾಗಿ ಸರಿಯುವುದು. ಮತ್ತೊಂದು ದೋಷವು ಹರಳುಗಳ ಹುಟ್ಟುಗುಣ. ನೀಲವೂ ಮಾಣಿಕ್ಯವೂ ಒಂದೇ ಜಾತಿಯ ಕಲ್ಲುಗಳು. ನಮ್ಮವರು ಕುರುವಿಂದವೆಂದು ಕರೆದ ಕಲ್ಲೇ ಇಂಗ್ಲಿಷಿನಲ್ಲಿ ಕೊರಂಡಮ್ ಆಗಿರುವುದು. ಅದರಲ್ಲಿ ಕ್ರೋಮಿಯಮಿನ ಲೇಶ ಬೆರೆತರೆ ಮಾಣಿಕ್ಯದ ಕೆಂಪು. ಆ ಕ್ರೋಮಿಯಮಿಗೂ, ಅಲ್ಲಲ್ಲಿ ಸೇರಿರುವ ಕಬ್ಬಿಣಕ್ಕೂ ಜೊತೆಯಿಲ್ಲದ ಎಲೆಕ್ಟ್ರಾನುಗಳಿರುವುದರಿಂದ ಪಾತ್ರೆಯೇ ವಸ್ತುವಿನೊಡನೆ ಸೇರಿ ಮಾತನಾಡತೊಡಗುವುದು. ತಕ್ಕಡಿಯ ತಟ್ಟೆಗೆ ಬೆಲ್ಲ ಅಂಟಿದ್ದರೆ ಅಂಗಡಿಯವನಿಗೆ ಲಾಭವಾಗಬಹುದು, ವಿಜ್ಞಾನಿಗೆ ಆಗದು. ಆದಕಾರಣ ಕಣ್ಣಿಗೆ ಬೆಲೆಯುಳ್ಳ ಬಣ್ಣದ ಕಲ್ಲುಗಳು ಇಲ್ಲಿ ಕೆಲಸಕ್ಕೆ ಬಾರವು. ಬಣ್ಣವಿಲ್ಲದ, ಕೃತಕವಾಗಿ ಬೆಳೆಸಿದ ಶುದ್ಧ ನೀಲವೇ ಬೇಕು. ಅದನ್ನು ತಂಪುಮಾಡಿದಷ್ಟೂ ತರಂಗದ ನಷ್ಟವು ಕಡಮೆಯಾಗುವುದೆಂಬುದು ಅದರ ದೊಡ್ಡ ಗುಣ.

ಹಲ್ಲಿನ ಕಾರ್ಯವು ಈ ಹೊತ್ತಿಗೂ ಬಹುಮಟ್ಟಿಗೆ ಹಳೆಯ 9.5 ಗಿಗಾಹರ್ಟ್ಸಿನಲ್ಲಿ, ಕಿತ್ತ ಹಲ್ಲುಗಳ ಮೇಲೆಯೇ ನಡೆಯುತ್ತಿರುವುದು. ಆದರೆ 35 ಗಿಗಾಹರ್ಟ್ಸಿನಲ್ಲಿ 2 ಮಿಲಿಗ್ರಾಮಿನ ಚಕ್ಕೆಯಿಂದ ವಿಕಿರಣದ ಅಳತೆಯನ್ನು ಓದಬಹುದೆಂಬುದನ್ನು ಈ ಶತಮಾನದ ಮೊದಲ ದಶಕದಲ್ಲಿಯೇ ತೋರಿಸಿಕೊಟ್ಟಿರುವರು. ದಂತವೈದ್ಯನು ಹಲ್ಲಿನ ಹೊರಮೈಯಿಂದ ಆ ಚಕ್ಕೆಯನ್ನು ಕೆತ್ತಿ ತೆಗೆದು, ಉಂಟಾದ ಸಣ್ಣ ಕುಳಿಯನ್ನು ಹುಳುಕಿಗೆ ತುಂಬುವ ಸಾಧಾರಣ ಮೆತ್ತುಗೆಯಿಂದ ಮುಚ್ಚುವನು. ಹಲ್ಲು ತನ್ನ ಜಾಗದಲ್ಲಿಯೇ ಇದ್ದು ಮರುದಿನದ ಊಟಕ್ಕೆ ಒದಗುವುದು.